ಅಜ್ಜಮಾಡ ಬೋಪಯ್ಯ ದೇವಯ್ಯ

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ (24 ಡಿಸೆಂಬರ್ 1932 – 7 ಸೆಪ್ಟೆಂಬರ್ 1965) ಭಾರತೀಯ ವಾಯುಪಡೆಯ ಯುದ್ಧವಿಮಾನ ಚಾಲಕರು ಹಾಗೂ ಹಾರಾಟ ಬೋಧಕರು. ಕರ್ನಾಟಕದ ಕೊಡಗಿನವರಾದ ಇವರು 1965ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ಸರ್ಗೋಧಾ ವಾಯುನೆಲೆಯ ಮೇಲೆ ನಡೆದ ಮುಂಜಾವಿನ ದಾಳಿಯಲ್ಲಿ ಭಾಗವಹಿಸಿದರು. ಆ ಸಂದರ್ಭದಲ್ಲಿ ಶಬ್ದಕ್ಕಿಂತ ಕಡಿಮೆ ವೇಗದ ಮಿಸ್ಟೇರ್ ವಿಮಾನದಿಂದ, ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿ, ತಾವೂ ವೀರಮರಣ ಹೊಂದಿದರು. ಈ ಸಾಹಸಕ್ಕೆ ಭಾರತದ ಕಡೆಯಿಂದ ಪ್ರತ್ಯಕ್ಷ ಸಾಕ್ಷಿಗಳಿರಲಿಲ್ಲ. ಆದ್ದರಿಂದ ಅದು ಹಲವು ವರ್ಷಗಳ ಕಾಲ ಸ್ವದೇಶದಲ್ಲಿ ತಿಳಿಯದೆಯೇ ಉಳಿಯಿತು. ಎದುರಾಳಿ ರಾಷ್ಟ್ರದ ಕಡೆಯಿಂದ ಬಂದ ವಿವರಗಳ ಆಧಾರದ ಮೇಲೆ ಸತ್ಯಾಂಶ ಖಚಿತವಾಗಿ, 1988ರಲ್ಲಿ ಭಾರತ ಸರ್ಕಾರವು ಇವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಿ ಗೌರವಿಸಿತು.

ಜನನ ಮತ್ತು ಹಿನ್ನೆಲೆ

ದೇವಯ್ಯನವರು 1932ರ ಡಿಸೆಂಬರ್ 24ರಂದು ಕೊಡಗಿನಲ್ಲಿ ಜನಿಸಿದರು. ತಂದೆ ಡಾ. ಬೋಪಯ್ಯನವರು ವೈದ್ಯರಾಗಿದ್ದರು. ಕೊಡವರ ಹೆಸರಿಡುವ ಪದ್ಧತಿಯಂತೆ ‘ಅಜ್ಜಮಾಡ’ ಎಂಬುದು ಇವರ ಒಕ್ಕದ, ಅಂದರೆ ಮನೆತನದ ಹೆಸರು. ‘ಬೋಪಯ್ಯ’ ತಂದೆಯ ಹೆಸರು. ‘ದೇವಯ್ಯ’ ಇವರ ಸ್ವಂತ ಹೆಸರು.

ಇವರು ಜನಿಸಿದಾಗ ಕೊಡಗು ಬ್ರಿಟಿಷರ ನೇರ ಆಡಳಿತದಲ್ಲಿದ್ದ ಪ್ರತ್ಯೇಕ ಪ್ರಾಂತ್ಯವಾಗಿತ್ತು. ಸ್ವಾತಂತ್ರ್ಯಾನಂತರ ಕೆಲವು ವರ್ಷಗಳ ಕಾಲ ಪ್ರತ್ಯೇಕ ರಾಜ್ಯವಾಗಿದ್ದು, 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಗಾತ್ರದಲ್ಲಿ ಕಿರಿದಾದರೂ ಈ ನಾಡು ಭಾರತದ ಸೇನೆಗೆ ಅನೇಕ ಅಧಿಕಾರಿಗಳನ್ನು ಕೊಟ್ಟಿದೆ. ಸ್ವತಂತ್ರ ಭಾರತದ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೆ. ಎಂ. ಕಾರ್ಯಪ್ಪ ಮತ್ತು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೆ. ಎಸ್. ತಿಮ್ಮಯ್ಯ ಇಬ್ಬರೂ ಕೊಡಗಿನವರು. ಸೈನ್ಯಕ್ಕೆ ಸೇರುವುದು ಗೌರವದ ವೃತ್ತಿಯೆಂದು ಎಣಿಸುವ ಈ ಪರಿಸರದಲ್ಲಿ ಬೆಳೆದ ದೇವಯ್ಯನವರು ಭೂಸೇನೆಯ ಬದಲು ವಾಯುಪಡೆಯನ್ನು ಆರಿಸಿಕೊಂಡರು.

ವಾಯುಪಡೆಯಲ್ಲಿ ಸೇವೆ

ದೇವಯ್ಯನವರು 1954ರಲ್ಲಿ ಭಾರತೀಯ ವಾಯುಪಡೆಯಲ್ಲಿ ಪೈಲಟ್ ಅಧಿಕಾರಿಯಾಗಿ ನೇಮಕಗೊಂಡರು. ವಾಯುಪಡೆಯು ಪಂಖದ ಇಂಜಿನ್‌ಗಳ ವಿಮಾನಗಳಿಂದ ಜೆಟ್ ವಿಮಾನಗಳಿಗೆ ಬದಲಾಗುತ್ತಿದ್ದ ಕಾಲವದು. ಆ ಪೀಳಿಗೆಯ ಚಾಲಕರು ಹೊಸ ವಿಮಾನಗಳನ್ನೂ ಅವುಗಳಿಗೆ ತಕ್ಕ ಹೊಸ ಯುದ್ಧವಿಧಾನಗಳನ್ನೂ ಏಕಕಾಲದಲ್ಲಿ ಕಲಿಯಬೇಕಾಗಿತ್ತು. ಸಹೋದ್ಯೋಗಿಗಳ ವಲಯದಲ್ಲಿ ಇವರು ‘ಟಬ್ಬಿ’ ಎಂಬ ಅಡ್ಡಹೆಸರಿನಿಂದ ಪರಿಚಿತರಾಗಿದ್ದರು.

ಮುಂದೆ ಸ್ಕ್ವಾಡ್ರನ್ ಲೀಡರ್ ಹುದ್ದೆಗೇರಿದ ದೇವಯ್ಯನವರು ವಾಯುಪಡೆಯ ಹಾರಾಟ ಕಾಲೇಜಿನಲ್ಲಿ ಬೋಧಕರಾಗಿ ಸೇವೆ ಸಲ್ಲಿಸಿದರು. ಹಾರಾಟ ಬೋಧಕನ ಕೆಲಸ ಹೊರನೋಟಕ್ಕೆ ಯುದ್ಧರಂಗದಿಂದ ದೂರವಾದುದೆಂದು ತೋರಬಹುದು. ಆದರೆ ವಿಮಾನವನ್ನು ಅದರ ಸಾಮರ್ಥ್ಯದ ಕಟ್ಟಕಡೆಯ ಮಿತಿಯವರೆಗೆ ಒಯ್ದು, ಅಲ್ಲಿಂದ ಸುರಕ್ಷಿತವಾಗಿ ಹಿಂದಕ್ಕೆ ತರುವುದನ್ನು ಶಿಷ್ಯರಿಗೆ ದಿನವೂ ತೋರಿಸಿಕೊಡಬೇಕಾದವನು ಬೋಧಕ. ಆದಕಾರಣ ವಾಯುಪಡೆಗಳಲ್ಲಿ ಈ ಹೊಣೆಯನ್ನು ನುರಿತ ಚಾಲಕರಿಗೇ ವಹಿಸಲಾಗುತ್ತದೆ.

1965ರ ಯುದ್ಧದ ವೇಳೆಗೆ ಇವರನ್ನು ಪಂಜಾಬಿನ ಆದಂಪುರ ನೆಲೆಯಲ್ಲಿದ್ದ ಒಂದನೆಯ ಸ್ಕ್ವಾಡ್ರನ್‌ಗೆ ಹಿರಿಯ ಹಾರಾಟ ಬೋಧಕರಾಗಿ ನಿಯೋಜಿಸಲಾಯಿತು. ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ ಅವರು ಆಗ ಈ ಸ್ಕ್ವಾಡ್ರನ್ನಿನ ದಳಪತಿಯಾಗಿದ್ದರು.

ಒಂದನೆಯ ಸ್ಕ್ವಾಡ್ರನ್ ಮತ್ತು ಮಿಸ್ಟೇರ್ ವಿಮಾನ

‘ಟೈಗರ್ಸ್’ ಎಂದು ಪ್ರಸಿದ್ಧವಾದ ಒಂದನೆಯ ಸ್ಕ್ವಾಡ್ರನ್ ಭಾರತೀಯ ವಾಯುಪಡೆಯ ಅತ್ಯಂತ ಹಳೆಯ ದಳ. ಇದು 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಸ್ಥಾಪನೆಯಾಯಿತು. 1965ರಲ್ಲಿ ಈ ದಳದ ಬಳಿ ಇದ್ದುದು ಫ್ರಾನ್ಸಿನ ದಸೋ ಸಂಸ್ಥೆಯು ತಯಾರಿಸಿದ ಮಿಸ್ಟೇರ್ 4ಎ ಯುದ್ಧವಿಮಾನಗಳು.

ಮಿಸ್ಟೇರ್ 1957ರಿಂದ ಭಾರತದ ಸೇವೆಯಲ್ಲಿತ್ತು. ಒಬ್ಬನೇ ಚಾಲಕ ಕೂರುವ, ಒಂದೇ ಇಂಜಿನ್ನಿನ ಈ ವಿಮಾನವು ಮಟ್ಟಸ ಹಾರಾಟದಲ್ಲಿ ಶಬ್ದದ ವೇಗವನ್ನು ಮುಟ್ಟುತ್ತಿರಲಿಲ್ಲ. ಇದರಲ್ಲಿ 30 ಮಿಲಿಮೀಟರಿನ ಎರಡು ಫಿರಂಗಿಗಳಿದ್ದವು. ಬಾಂಬು ಮತ್ತು ರಾಕೆಟ್‌ಗಳನ್ನೂ ಒಯ್ಯಬಹುದಾಗಿತ್ತು. ದೃಢವಾದ ರಚನೆಯಿಂದಾಗಿ ಇದನ್ನು ಮುಖ್ಯವಾಗಿ ನೆಲದ ಗುರಿಗಳ ಮೇಲಿನ ದಾಳಿಗೆ ಬಳಸಲಾಗುತ್ತಿತ್ತು.

ಪಾಕಿಸ್ತಾನದ ಬಳಿ ಇದ್ದ ಎಫ್-104 ಸ್ಟಾರ್‌ಫೈಟರ್ ಬೇರೆಯೇ ಪೀಳಿಗೆಯ ವಿಮಾನ. ಅಮೆರಿಕದ ಲಾಕ್‌ಹೀಡ್ ಸಂಸ್ಥೆಯ ಈ ವಿಮಾನವು ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲದಾಗಿತ್ತು. ಶಾಖವನ್ನು ಅರಸಿ ಹೋಗುವ ಸೈಡ್‌ವಿಂಡರ್ ಕ್ಷಿಪಣಿಗಳನ್ನೂ, ಅತಿವೇಗವಾಗಿ ಗುಂಡು ಹಾರಿಸುವ 20 ಮಿಲಿಮೀಟರಿನ ವಲ್ಕನ್ ಫಿರಂಗಿಯನ್ನೂ ಅದು ಹೊಂದಿತ್ತು. ಪಾಕಿಸ್ತಾನಕ್ಕೆ ಇಂತಹ 12 ವಿಮಾನಗಳು ದೊರೆತಿದ್ದವು. ಎರಡೂ ವಿಮಾನಗಳನ್ನು ಕಾಗದದ ಮೇಲೆ ಹೋಲಿಸಿದರೆ ಸ್ಟಾರ್‌ಫೈಟರ್‌ಗೆ ಮಿಸ್ಟೇರ್ ಸರಿಸಾಟಿಯಾಗಿರಲಿಲ್ಲ.

ಯುದ್ಧದ ಹಿನ್ನೆಲೆ

1965ರ ಆಗಸ್ಟ್ ತಿಂಗಳಿನಲ್ಲಿ ಕಾಶ್ಮೀರದೊಳಕ್ಕೆ ಶಸ್ತ್ರಸಜ್ಜಿತ ನುಸುಳುಕೋರರು ಪ್ರವೇಶಿಸುವುದರೊಂದಿಗೆ ಎರಡೂ ರಾಷ್ಟ್ರಗಳ ನಡುವೆ ಘರ್ಷಣೆ ಆರಂಭವಾಯಿತು. ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಟ್ಯಾಂಕುಗಳು ಛಂಬ್ ವಲಯದಲ್ಲಿ ಮುನ್ನುಗ್ಗಿದಾಗ, ಅಂದು ಸಂಜೆಯೇ ಭಾರತೀಯ ವಾಯುಪಡೆ ಯುದ್ಧಕ್ಕಿಳಿಯಿತು. 1962ರ ಚೀನಾ ಯುದ್ಧದಲ್ಲಿ ಯುದ್ಧವಿಮಾನಗಳನ್ನು ಬಳಸಿರಲಿಲ್ಲ. ಹೀಗಾಗಿ ಭಾರತದ ಬಹುಪಾಲು ಚಾಲಕರಿಗೆ ವಿಮಾನದೊಡನೆ ವಿಮಾನ ಕಾದಾಡುವ ಯುದ್ಧದ ಅನುಭವ ಇದೇ ಮೊದಲನೆಯದಾಗಿತ್ತು.

ಸೆಪ್ಟೆಂಬರ್ 6ರಂದು ಭಾರತೀಯ ಭೂಸೇನೆ ಅಂತರರಾಷ್ಟ್ರೀಯ ಗಡಿಯನ್ನು ದಾಟಿ ಲಾಹೋರಿನ ಕಡೆಗೆ ಸಾಗಿತು. ಅಂದು ಸಂಜೆ ಪಾಕಿಸ್ತಾನದ ವಾಯುಪಡೆ ಪಂಜಾಬಿನ ಭಾರತೀಯ ವಾಯುನೆಲೆಗಳನ್ನು ಗುರಿಯಾಗಿಸಿಕೊಂಡಿತು. ಪಠಾಣ್‌ಕೋಟ್ ನೆಲೆಯಲ್ಲಿ ಮಿಸ್ಟೇರ್ ಮತ್ತು ಮಿಗ್-21 ಸೇರಿದಂತೆ ಅನೇಕ ವಿಮಾನಗಳು ನೆಲದ ಮೇಲೆಯೇ ನಾಶವಾದವು. ಇದಕ್ಕೆ ಪ್ರತಿಯಾಗಿ ಮರುದಿನ ಬೆಳಗಿನಿಂದಲೇ ಪಾಕಿಸ್ತಾನದ ವಾಯುನೆಲೆಗಳ ಮೇಲೆ ದಾಳಿ ನಡೆಸಬೇಕೆಂಬ ಆದೇಶವು ಆದಂಪುರ ಮತ್ತು ಹಲ್ವಾರಾ ನೆಲೆಗಳಿಗೆ ತಲುಪಿತು. ಮುಖ್ಯ ಗುರಿ ಸರ್ಗೋಧಾ.

ಸರ್ಗೋಧಾ ದಾಳಿ

ಸರ್ಗೋಧಾ ಪಾಕಿಸ್ತಾನದ ವಾಯುಪಡೆಯ ಪ್ರಮುಖ ನೆಲೆಯಾಗಿತ್ತು. ಅದರ ಸೇಬರ್ ಮತ್ತು ಸ್ಟಾರ್‌ಫೈಟರ್ ವಿಮಾನಗಳು ಹೆಚ್ಚಿನ ಸಂಖ್ಯೆಯಲ್ಲಿ ಅಲ್ಲಿದ್ದವು. ವಿಮಾನ ನಿರೋಧಕ ತೋಪುಗಳ ಕಾವಲೂ, ಸಮೀಪದ ಸಾಕೇಸರ್ ಬೆಟ್ಟದ ಮೇಲಿನ ರೇಡಾರ್ ಕೇಂದ್ರದ ಕಣ್ಗಾವಲೂ ಆ ನೆಲೆಗಿದ್ದವು.

ಆದಂಪುರದಿಂದ ಸರ್ಗೋಧಾಗೆ ಇರುವ ನೇರ ದೂರ ಸುಮಾರು 300 ಕಿಲೋಮೀಟರ್. ರೇಡಾರಿನ ಕಣ್ಣು ತಪ್ಪಿಸಲು ಈ ದೂರವನ್ನು ನೆಲಕ್ಕೆ ತೀರ ಸಮೀಪದಲ್ಲಿಯೇ ಹಾರಿ ಕ್ರಮಿಸಬೇಕಿತ್ತು. ಕೆಳಮಟ್ಟದ ಹಾರಾಟದಲ್ಲಿ ಜೆಟ್ ಇಂಜಿನ್ನುಗಳು ಹೆಚ್ಚು ಇಂಧನವನ್ನು ಕುಡಿಯುತ್ತವೆ. ಹಾಗಾಗಿ ಮಿಸ್ಟೇರ್‌ಗಳಿಗೆ ಹೋಗಿ, ದಾಳಿ ಮಾಡಿ, ಹಿಂದಿರುಗಲು ಬೇಕಾದಷ್ಟೇ ಇಂಧನವಿತ್ತು. ದಾರಿಯಲ್ಲಿ ಕಾದಾಡಲು ಹೆಚ್ಚುವರಿ ಇಂಧನವಿರಲಿಲ್ಲ. ಗುರಿಯ ಬಳಿ ಶತ್ರುವಿಮಾನದೊಡನೆ ದ್ವಂದ್ವಕ್ಕೆ ನಿಂತ ಚಾಲಕನು ಮರಳಿ ಬರುವ ಭರವಸೆಯನ್ನು ಬಿಟ್ಟುಕೊಟ್ಟಂತೆಯೇ ಆಗುತ್ತಿತ್ತು. ಮುಂದಿನ ಘಟನೆಯ ಮಹತ್ವವನ್ನು ಅರಿಯಲು ಈ ಅಂಶವನ್ನು ಗಮನದಲ್ಲಿಡುವುದು ಅಗತ್ಯ.

ವಿಂಗ್ ಕಮಾಂಡರ್ ತನೇಜಾ ಅವರ ಮುಂದಾಳತ್ವದಲ್ಲಿ 12 ಮಿಸ್ಟೇರ್‌ಗಳು ದಾಳಿಗೆ ಹೊರಡಬೇಕೆಂದು ನಿಗದಿಯಾಯಿತು. ಯಾವುದಾದರೊಂದು ವಿಮಾನ ಕೈಕೊಟ್ಟರೆ ಆ ಸ್ಥಾನವನ್ನು ತುಂಬಲು ಬದಲಿ ವಿಮಾನಗಳನ್ನೂ ಸಿದ್ಧವಾಗಿಡಲಾಯಿತು. ದೇವಯ್ಯನವರ ಹೆಸರು ಮೂಲ ಪಟ್ಟಿಯ ಹನ್ನೆರಡು ಮಂದಿಯಲ್ಲಿ ಇರಲಿಲ್ಲ. ಅವರು ಬದಲಿ ಚಾಲಕರಾಗಿದ್ದರು. ಎಲ್ಲ ವಿಮಾನಗಳೂ ಸುಸ್ಥಿತಿಯಲ್ಲಿದ್ದು ದಾಳಿಗೆ ಸಾಗಿದ್ದರೆ ಅವರು ನೆಲೆಗೆ ಹಿಂದಿರುಗಬೇಕಾಗಿತ್ತು.

1965ರ ಸೆಪ್ಟೆಂಬರ್ 7ರಂದು ಇನ್ನೂ ಕತ್ತಲಿರುವಾಗಲೇ ವಿಮಾನಗಳು ಆದಂಪುರದಿಂದ ಮೇಲೇರಿದವು. ದಾಳಿಯ ತಂಡದಿಂದ ಒಂದು ವಿಮಾನ ಹೊರಗುಳಿದಾಗ ದೇವಯ್ಯನವರು ಆ ಸ್ಥಾನವನ್ನು ತುಂಬಿ ಪಶ್ಚಿಮದತ್ತ ಸಾಗಿದರು. ಮುಂಜಾವಿನ ಮಬ್ಬಿನಲ್ಲಿ ಮಿಸ್ಟೇರ್‌ಗಳು ಸರ್ಗೋಧಾವನ್ನು ತಲುಪಿ, ದಾಳಿ ನಡೆಸಿ, ನೆಲಕ್ಕೆ ಹತ್ತಿರದಲ್ಲಿಯೇ ಹಾರುತ್ತ ಮನೆಯ ದಾರಿ ಹಿಡಿದವು.

ಸ್ಟಾರ್‌ಫೈಟರ್‌ನೊಡನೆ ಕಾದಾಟ

ಆ ಹೊತ್ತಿಗೆ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರು ತಮ್ಮ ಸ್ಟಾರ್‌ಫೈಟರ್‌ನಲ್ಲಿ ಕಾವಲು ಹಾರಾಟ ನಡೆಸುತ್ತಿದ್ದರು. ದಾಳಿಯ ಸುದ್ದಿ ತಿಳಿದು ಅವರು ಹಿಂದಿರುಗುತ್ತಿದ್ದ ಮಿಸ್ಟೇರ್‌ಗಳನ್ನು ಬೆನ್ನಟ್ಟಿದರು. ಹಿಂದೆ ಉಳಿದಿದ್ದ ದೇವಯ್ಯನವರ ವಿಮಾನವು ಅವರ ಕಣ್ಣಿಗೆ ಬಿದ್ದಿತು. ವೇಗದಲ್ಲಿ ಬಹಳ ಮುಂದಿದ್ದ ಸ್ಟಾರ್‌ಫೈಟರ್ ಮಿಸ್ಟೇರ್ ಅನ್ನು ಸುಲಭವಾಗಿ ಸಮೀಪಿಸಿತು. ಅಮ್ಜದ್ ಹುಸೇನ್ ಹಾರಿಸಿದ ಫಿರಂಗಿಯ ಗುಂಡುಗಳು ಮಿಸ್ಟೇರ್‌ಗೆ ತಗುಲಿ ಅದಕ್ಕೆ ತೀವ್ರ ಹಾನಿಯುಂಟಾಯಿತು. ಅದರ ಕಥೆ ಮುಗಿಯಿತೆಂದು ಭಾವಿಸಿದ ಅವರು ಮತ್ತೊಂದು ಮಿಸ್ಟೇರ್‌ನತ್ತ ಗಮನ ಹರಿಸಿದರು.

ಆದರೆ ದೇವಯ್ಯನವರ ವಿಮಾನ ಬಿದ್ದಿರಲಿಲ್ಲ. ಹಾನಿಗೊಳಗಾದ ವಿಮಾನವನ್ನು ಹತೋಟಿಯಲ್ಲಿಟ್ಟುಕೊಂಡು ಅವರು ಸ್ಟಾರ್‌ಫೈಟರ್‌ನೊಡನೆ ಕಾದಾಟಕ್ಕೆ ತಿರುಗಿದರು. ಇಲ್ಲಿ ವಿಮಾನಗಳ ರಚನೆಯ ವ್ಯತ್ಯಾಸ ನಿರ್ಣಾಯಕವಾಯಿತು. ಸ್ಟಾರ್‌ಫೈಟರ್‌ನ ರೆಕ್ಕೆಗಳು ಅತಿ ಮೋಟು. ಒಂದು ತುದಿಯಿಂದ ಇನ್ನೊಂದು ತುದಿಗೆ ಅವುಗಳ ಅಗಲ ಏಳು ಮೀಟರಿಗೂ ಕಡಿಮೆ. ಎತ್ತರದಲ್ಲಿ ನೇರವಾಗಿ, ವೇಗವಾಗಿ ಧಾವಿಸಲು ಅದು ಹೇಳಿ ಮಾಡಿಸಿದ ವಿಮಾನ. ಆದರೆ ಚಿಕ್ಕ ಸುತ್ತಿನಲ್ಲಿ ತಿರುಗಲು ಅಸಮರ್ಥ. ಮಿಸ್ಟೇರ್‌ನ ರೆಕ್ಕೆಗಳ ಅಗಲ ಸುಮಾರು 11 ಮೀಟರ್. ಕೆಳಮಟ್ಟದಲ್ಲಿ, ಕಡಿಮೆ ವೇಗದಲ್ಲಿ ನಡೆಯುವ ಸುತ್ತುವರಿಯುವ ಕಾದಾಟದಲ್ಲಿ ಹಳೆಯ ವಿಮಾನಕ್ಕೇ ಅನುಕೂಲ ಹೆಚ್ಚು. ವೇಗದ ಎದುರಾಳಿಯನ್ನು ತನಗೆ ಅನುಕೂಲವಾದ ಈ ಬಗೆಯ ಹೋರಾಟಕ್ಕೆ ಎಳೆಯುವುದರಲ್ಲಿಯೇ ಚಾಲಕನ ಜಾಣ್ಮೆಯಿತ್ತು.

ದೇವಯ್ಯನವರು ತಮ್ಮ ಫಿರಂಗಿಗಳಿಂದ ಗುರಿಯಿಟ್ಟು ಹೊಡೆದರು. ಗುಂಡೇಟು ತಿಂದ ಸ್ಟಾರ್‌ಫೈಟರ್ ಹತೋಟಿ ತಪ್ಪಿತು. ಅಮ್ಜದ್ ಹುಸೇನ್ ತುರ್ತು ಆಸನದ ನೆರವಿನಿಂದ ಹೊರಚಿಮ್ಮಿ, ಪ್ಯಾರಾಚೂಟ್ ಮೂಲಕ ಸ್ವದೇಶದ ನೆಲದಲ್ಲಿಯೇ ಇಳಿದು ಬದುಕುಳಿದರು. ಅವರ ವಿಮಾನ ನೆಲಕ್ಕಪ್ಪಳಿಸಿತು.

ಹಾನಿಗೊಳಗಾಗಿದ್ದ, ಇಂಧನವೂ ತೀರುತ್ತಿದ್ದ ಮಿಸ್ಟೇರ್ ಆದಂಪುರಕ್ಕೆ ಮರಳಲಿಲ್ಲ. ದೇವಯ್ಯನವರು ಪಾಕಿಸ್ತಾನದ ನೆಲದಲ್ಲಿ ಅಸುನೀಗಿದರು. ಆಗ ಅವರಿಗೆ 32 ವರ್ಷ. ಅವರ ಪಾರ್ಥಿವ ಶರೀರವನ್ನು ಅಲ್ಲಿನ ಹಳ್ಳಿಗರು ಹೊಲದಲ್ಲಿ ಕಂಡು ಸಮೀಪದಲ್ಲಿಯೇ ಮಣ್ಣು ಮಾಡಿದರೆಂಬ ಸಂಗತಿ ಭಾರತಕ್ಕೆ ತಿಳಿದುಬಂದದ್ದು ಬಹಳ ವರ್ಷಗಳ ನಂತರ.

ಕಾಣೆಯಾದವರ ಪಟ್ಟಿಯಲ್ಲಿ

ದಾಳಿಯಿಂದ ಹಿಂದಿರುಗಿದ ಚಾಲಕರಲ್ಲಿ ಯಾರೂ ಈ ಕಾದಾಟವನ್ನು ನೋಡಿರಲಿಲ್ಲ. ಅತಿ ಕೆಳಮಟ್ಟದಲ್ಲಿ, ಮಬ್ಬು ಬೆಳಕಿನಲ್ಲಿ, ಉಳಿದಿರುವ ಇಂಧನದ ಮೇಲೆ ಕಣ್ಣಿಟ್ಟು ಹಾರುತ್ತಿದ್ದ ಅವರಿಗೆ ಹಿಂದೆ ನಡೆಯುತ್ತಿದ್ದುದು ತಿಳಿಯುವಂತಿರಲಿಲ್ಲ. ವಿಮಾನ ಬಿದ್ದದ್ದು ತೋಪಿನ ಗುಂಡಿಗೋ, ಇಂಧನ ತೀರಿಯೋ, ಶತ್ರುವಿಮಾನದ ದಾಳಿಗೋ ಎಂಬುದು ನೆಲೆಯಲ್ಲಿದ್ದವರಿಗೆ ಗೊತ್ತಾಗಲಿಲ್ಲ. ದೇವಯ್ಯನವರನ್ನು ಮೊದಲು ಕಾಣೆಯಾದವರೆಂದೂ, ಮುಂದೆ ಮೃತರೆಂದೂ ದಾಖಲಿಸಲಾಯಿತು.

ಸೆಪ್ಟೆಂಬರ್ 23ರಂದು ಕದನವಿರಾಮ ಜಾರಿಗೆ ಬಂದಿತು. ಶೌರ್ಯ ಪ್ರಶಸ್ತಿಗಳಿಗೆ ಕಂಡವರ ಹೇಳಿಕೆ ಅಥವಾ ಬೇರೆ ಖಚಿತ ಆಧಾರ ಬೇಕಾಗುತ್ತದೆ. ದೇವಯ್ಯನವರ ವಿಷಯದಲ್ಲಿ ಆ ಎರಡೂ ಇರಲಿಲ್ಲವಾದ್ದರಿಂದ ಯುದ್ಧಾನಂತರದ ಗೌರವಗಳಲ್ಲಿ ಅವರ ಹೆಸರು ಬರಲಿಲ್ಲ. ಕೊಡಗಿನಲ್ಲಿದ್ದ ಬಂಧುಗಳಿಗೂ, ಪತ್ನಿ ಮತ್ತು ಮಕ್ಕಳಿಗೂ ಅವರು ಹೇಗೆ ಅಂತ್ಯ ಕಂಡರೆಂಬುದು ತಿಳಿಯದೆ ವರ್ಷಗಳುರುಳಿದವು. ಇದೇ ಯುದ್ಧದಲ್ಲಿ ಕೊಡಗಿನ ಮತ್ತೊಬ್ಬ ವಾಯುಪಡೆ ಅಧಿಕಾರಿ, ಕಾರ್ಯಪ್ಪನವರ ಮಗ ಕೆ. ಸಿ. ಕಾರ್ಯಪ್ಪ ಅವರ ವಿಮಾನವನ್ನೂ ಪಾಕಿಸ್ತಾನ ಹೊಡೆದುರುಳಿಸಿತ್ತು. ಅವರು ಯುದ್ಧಕೈದಿಯಾಗಿದ್ದು, ನಂತರ ಬಿಡುಗಡೆ ಹೊಂದಿ ಸ್ವದೇಶಕ್ಕೆ ಮರಳಿದರು. ದೇವಯ್ಯನವರ ಮನೆಯವರಿಗೆ ಅಂತಹ ಸುದ್ದಿ ಬರಲಿಲ್ಲ.

ಸತ್ಯ ಬೆಳಕಿಗೆ ಬಂದ ಬಗೆ

ಆ ದಿನ ಒಂದು ಸ್ಟಾರ್‌ಫೈಟರ್ ನಷ್ಟವಾದುದನ್ನು ಪಾಕಿಸ್ತಾನ ಅಲ್ಲಗಳೆದಿರಲಿಲ್ಲ. ಆದರೆ ನಷ್ಟದ ಕಾರಣವನ್ನು ಕೆಲವು ವಿವರಣೆಗಳು ಬೇರೆಯಾಗಿ ಹೇಳಿದ್ದವು. ಸಿಡಿದ ಮಿಸ್ಟೇರ್‌ನ ಚೂರುಗಳು ತಗುಲಿ ಆ ವಿಮಾನ ಬಿದ್ದಿತೆಂಬುದು ಅವುಗಳ ಸಾರ. ಅಮ್ಜದ್ ಹುಸೇನ್ ಅವರಿಗೆ ಪಾಕಿಸ್ತಾನದ ‘ಸಿತಾರಾ-ಎ-ಜುರತ್’ ಶೌರ್ಯ ಪದಕ ದೊರೆಯಿತು.

1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರ ‘ಬ್ಯಾಟಲ್ ಫಾರ್ ಪಾಕಿಸ್ತಾನ್’ ಎಂಬ ಪುಸ್ತಕ ಪ್ರಕಟವಾಯಿತು. 1965ರ ವಾಯುಯುದ್ಧವನ್ನು ಕುರಿತ ಈ ಕೃತಿ ಪಾಕಿಸ್ತಾನದ ವಾಯುಪಡೆಯ ಸಹಕಾರದಿಂದ ಸಿದ್ಧವಾದದ್ದು. ಪಾಕಿಸ್ತಾನಿ ಚಾಲಕರ ಸಾಧನೆಯನ್ನು ತಿಳಿಸುವುದೇ ಅದರ ಮುಖ್ಯ ಆಶಯ. ಆದರೂ ಸೆಪ್ಟೆಂಬರ್ 7ರ ಬೆಳಗ್ಗೆ ಸರ್ಗೋಧಾದ ಬಳಿ ಒಂದು ಮಿಸ್ಟೇರ್ ಸ್ಟಾರ್‌ಫೈಟರ್‌ನೊಡನೆ ಕಾದಾಡಿ ಅದನ್ನು ಹೊಡೆದ ಸಂಗತಿಯನ್ನು ಈ ಪುಸ್ತಕ ಒಳಗೊಂಡಿತ್ತು. ಆ ಮಿಸ್ಟೇರ್‌ನ ಚಾಲಕ ಯಾರೆಂಬುದನ್ನು ಅದು ಹೇಳಿರಲಿಲ್ಲ.

ಹೆಸರನ್ನು ಗುರುತಿಸುವುದು ಭಾರತೀಯ ದಾಖಲೆಗಳಿಂದ ಸಾಧ್ಯವಾಯಿತು. ಆ ಮುಂಜಾವಿನ ದಾಳಿಯಿಂದ ಹಿಂದಿರುಗದಿದ್ದ ಮಿಸ್ಟೇರ್ ಒಂದೇ ಒಂದು, ಅದು ದೇವಯ್ಯನವರದು. ಉಳಿದ ಚಾಲಕರೆಲ್ಲರೂ ಮರಳಿದ್ದರು. ಅವರಲ್ಲಿ ಯಾರೂ ಸ್ಟಾರ್‌ಫೈಟರ್ ಅನ್ನು ಹೊಡೆದಿರಲಿಲ್ಲ. ಹೀಗೆ ಎರಡೂ ದೇಶಗಳ ವಿವರಗಳನ್ನು ಜೋಡಿಸಿದಾಗ ಸಂದೇಹಕ್ಕೆ ಎಡೆಯಿಲ್ಲದಂತಾಯಿತು. ಅಂದಿನ ದಾಳಿಯ ಮುಂದಾಳಾಗಿದ್ದ ತನೇಜಾ ಅವರು ಈ ವಿಷಯವನ್ನು ವಾಯುಪಡೆಯ ಕೇಂದ್ರ ಕಚೇರಿಯ ಗಮನಕ್ಕೆ ತಂದು, ತಮ್ಮ ಸಹೋದ್ಯೋಗಿಗೆ ಸಲ್ಲಬೇಕಾದ ಗೌರವಕ್ಕಾಗಿ ಪ್ರಯತ್ನಿಸಿದರು.

ಮಹಾವೀರ ಚಕ್ರ

ಮಹಾವೀರ ಚಕ್ರವು ಯುದ್ಧಕಾಲದ ಶೌರ್ಯಕ್ಕೆ ಭಾರತದಲ್ಲಿ ನೀಡಲಾಗುವ ಪ್ರಶಸ್ತಿಗಳಲ್ಲಿ ಪರಮವೀರ ಚಕ್ರದ ನಂತರದ ಸ್ಥಾನದಲ್ಲಿದೆ. 1988ರಲ್ಲಿ, ಘಟನೆ ನಡೆದು 23 ವರ್ಷಗಳಾದ ಮೇಲೆ, ದೇವಯ್ಯನವರಿಗೆ ಮರಣೋತ್ತರವಾಗಿ ಈ ಪ್ರಶಸ್ತಿಯನ್ನು ನೀಡಲಾಯಿತು. ಆಗಿನ ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರಿಂದ ದೇವಯ್ಯನವರ ಪತ್ನಿ ಪದಕವನ್ನು ಸ್ವೀಕರಿಸಿದರು.

ಇಷ್ಟು ದೀರ್ಘ ಕಾಲದ ನಂತರ, ಎದುರು ಪಕ್ಷದ ಕಡೆಯ ವಿವರಗಳನ್ನು ಆಧರಿಸಿ ಯುದ್ಧಕಾಲದ ಶೌರ್ಯ ಪ್ರಶಸ್ತಿಯನ್ನು ನೀಡಿದ್ದು ಅಪರೂಪದ ಸಂಗತಿ. ದೇವಯ್ಯನವರ ಎದುರಾಳಿ ಅಮ್ಜದ್ ಹುಸೇನ್ 1971ರ ಯುದ್ಧದಲ್ಲಿಯೂ ಸ್ಟಾರ್‌ಫೈಟರ್ ನಡೆಸಿದರು. ಅಮೃತಸರದ ಬಳಿ ಭಾರತದ ವಿಮಾನ ನಿರೋಧಕ ತೋಪುಗಳು ಅವರ ವಿಮಾನವನ್ನು ಹೊಡೆದುರುಳಿಸಿದಾಗ ಅವರು ಯುದ್ಧಕೈದಿಯಾದರು. ಸರ್ಗೋಧಾದ ಕಾದಾಟದ ನಿಜಸ್ವರೂಪ ಆಗಿನ್ನೂ ಭಾರತದಲ್ಲಿ ತಿಳಿದಿರಲಿಲ್ಲ.

ಸ್ಮರಣೆ

ಕೊಡಗು ಜಿಲ್ಲೆಯ ಕೇಂದ್ರವಾದ ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದ್ದು, ಅವರ ಪ್ರತಿಮೆಯನ್ನು ಸ್ಥಾಪಿಸಲಾಗಿದೆ. 2025ರ ಜನವರಿಯಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಲನಚಿತ್ರವು ಸರ್ಗೋಧಾ ದಾಳಿ ಮತ್ತು ದೇವಯ್ಯನವರ ಕಥೆಯಿಂದ ಪ್ರೇರಿತವಾದುದು. ಅದರಲ್ಲಿ ಪಾತ್ರಗಳ ಹೆಸರುಗಳನ್ನು ಬದಲಿಸಲಾಗಿದ್ದು, ಕಥೆಗೆ ಅನುಕೂಲವಾಗುವಂತೆ ಕಲ್ಪನೆಯನ್ನೂ ಬೆರೆಸಲಾಗಿದೆ. ಈ ಚಿತ್ರದ ನಂತರ ದೇವಯ್ಯನವರ ಹೆಸರು ಕರ್ನಾಟಕದ ಹೊರಗೂ ಹೆಚ್ಚು ಪರಿಚಿತವಾಯಿತು.

ಮಿಸ್ಟೇರ್ ವಿಮಾನಗಳು 1973ರಲ್ಲಿ ಭಾರತೀಯ ವಾಯುಪಡೆಯ ಸೇವೆಯಿಂದ ನಿವೃತ್ತವಾದವು. ಒಂದನೆಯ ಸ್ಕ್ವಾಡ್ರನ್ 1980ರ ದಶಕದಲ್ಲಿ ಮಿರಾಜ್ 2000 ವಿಮಾನಗಳನ್ನು ಪಡೆಯಿತು. ಇದನ್ನು ತಯಾರಿಸಿದ್ದೂ ಮಿಸ್ಟೇರ್ ಅನ್ನು ನಿರ್ಮಿಸಿದ್ದ ದಸೋ ಸಂಸ್ಥೆಯೇ. 1965ರ ವಾಯುಯುದ್ಧದ ಇತಿಹಾಸದಲ್ಲಿ, ಹಳೆಯ ವಿಮಾನದಲ್ಲಿ ಕುಳಿತ ನುರಿತ ಚಾಲಕನು ಅತ್ಯಾಧುನಿಕ ವಿಮಾನವನ್ನು ಎದುರಿಸಿ ಉರುಳಿಸಬಲ್ಲನೆಂಬುದಕ್ಕೆ ದೇವಯ್ಯನವರ ಕಾದಾಟ ಪ್ರಮುಖ ನಿದರ್ಶನವಾಗಿ ಉಳಿದಿದೆ.